ಅನಿಲಗಳ ಲೆಕ್ಕಿಗ ಅವೋಗಾಡ್ರೋ

(ಅಂತಿಮ ಬಿ.ಎ.)

ನಮ್ಮ ಮುಳಬಾಗಿಲಿನಲ್ಲಿ ಕಾಲೇಜಿನ ವಾರ್ಷಿಕ ಸಂಚಿಕೆಗೆ ಯಾರಾದರೊಬ್ಬ ಮಹನೀಯರ ಜೀವನವನ್ನು ಬರೆಯಬೇಕೆಂದರೆ ಮೊದಲು ನೆನಪಿಗೆ ಬರುವವರು ಈ ಊರಿನಲ್ಲಿಯೇ ೧೮೮೭ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು. ಅವರನ್ನು ಕುರಿತು ಬಲ್ಲವರು ಬಹಳ ಮಂದಿ ಬರೆದಿದ್ದಾರೆ. ನಾನು ಬರೆಯಹೊರಟಿರುವುದು ನಮ್ಮ ನಾಡನ್ನು ಎಂದೂ ಕಾಣದ, ನಮ್ಮಲ್ಲಿ ಅನೇಕರು ಶಾಲೆಯಲ್ಲಿ ಹೆಸರು ಕೇಳಿ ಮರೆತುಬಿಟ್ಟಿರುವ, ಇಟಲಿ ದೇಶದ ಒಬ್ಬ ವಿಜ್ಞಾನಿಯ ವಿಷಯ. ಬಿ.ಎ. ಓದುವವರಿಗೆ ರಸಾಯನಶಾಸ್ತ್ರದ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ತೆಗೆದುಕೊಂಡು ರಸಾಯನಶಾಸ್ತ್ರದಲ್ಲಿ ನಪಾಸಾದೆ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಹತ್ತನೆಯ ತರಗತಿಯನ್ನು ದಾಟಿದವರು ಯಾರೂ ಇರಲಿಲ್ಲ. ಲೆಕ್ಕ ತಿಳಿಯದಿದ್ದಾಗ ಕೇಳುವುದಕ್ಕೆ ಮನೆಯಲ್ಲಿ ಒಬ್ಬರಿಲ್ಲ; ತರಗತಿಯಲ್ಲಿ ಕೇಳಲು ನನಗೇ ಸಂಕೋಚ. ಪೂರಕ ಪರೀಕ್ಷೆಯಲ್ಲಿ ಹೇಗೋ ಗಟ್ಟಿಹತ್ತಿ ಕಲಾ ವಿಭಾಗಕ್ಕೆ ಬಂದೆ. ನನ್ನನ್ನು ಕೆಡವಿದ ಲೆಕ್ಕಗಳಲ್ಲಿ ಒಂದು ಈಗಲೂ ನೆನಪಿದೆ. ೨೦ ಮಿಲಿಲೀಟರ್ ಜಲಜನಕವನ್ನೂ ೨೦ ಮಿಲಿಲೀಟರ್ ಆಮ್ಲಜನಕವನ್ನೂ ಒಂದು ನಳಿಗೆಯಲ್ಲಿ ಬೆರೆಸಿ ವಿದ್ಯುತ್ತಿನ ಕಿಡಿಯನ್ನು ಹಾಯಿಸಿದರೆ, ನಳಿಗೆ ತಣ್ಣಗಾದ ಮೇಲೆ ಯಾವ ಅನಿಲ ಎಷ್ಟು ಉಳಿಯುತ್ತದೆ ಎಂಬುದು ಪ್ರಶ್ನೆ. ನಾನು ಗಾತ್ರವನ್ನು ತೂಕಕ್ಕೆ ತಿರುಗಿಸಿ, ತೂಕವನ್ನು ಮತ್ತೆ ಮೋಲ್‌ಗಳಿಗೆ ತಿರುಗಿಸಿ, ಒಂದು ಪುಟವನ್ನೇ ತುಂಬಿಸಿ, ಕೊನೆಗೆ ದಾರಿ ತಪ್ಪಿ ನಿಂತೆ.

ಕಳೆದ ವರ್ಷ ಇತಿಹಾಸದಲ್ಲಿ ಇಟಲಿಯ ಏಕೀಕರಣವನ್ನು ಓದುವಾಗ ಪೀಡ್‌ಮಾಂಟ್ ಸಂಸ್ಥಾನದ ಪ್ರಸ್ತಾಪ ಬಂತು. ಅದರ ರಾಜಧಾನಿಯಾದ ಟ್ಯೂರಿನ್ ನಗರದ ಬಗ್ಗೆ ಓದುತ್ತಿದ್ದಾಗ ಅವೋಗಾಡ್ರೋ ಎಂಬ ಹೆಸರು ಮತ್ತೆ ಎದುರಾಯಿತು. ಆತನು ಮೊದಲು ಓದಿದ್ದು ವಿಜ್ಞಾನವನ್ನಲ್ಲ, ನ್ಯಾಯಶಾಸ್ತ್ರವನ್ನು ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಆತನ ಕಥೆಯನ್ನು ಓದಿದ ಮೇಲೆ ಆ ಹಳೆಯ ಲೆಕ್ಕವೂ ತಿಳಿಯಿತು. ಆದ್ದರಿಂದ ಈ ಲೇಖನ.

ಅಮೇಡಿಯೋ ಅವೋಗಾಡ್ರೋ ೧೭೭೬ನೆಯ ಇಸವಿ ಆಗಸ್ಟ್ ೯ರಂದು ಟ್ಯೂರಿನ್ನಿನಲ್ಲಿ ಜನಿಸಿದನು. ಆತನ ತಂದೆ ಫಿಲಿಪ್ಪೋ ಅವೋಗಾಡ್ರೋ ಆ ರಾಜ್ಯದ ನ್ಯಾಯಾಂಗದಲ್ಲಿ ದೊಡ್ಡ ಅಧಿಕಾರಿ. ಮನೆತನದಲ್ಲಿ ತಲೆಮಾರುಗಳಿಂದ ಕಾನೂನೇ ವೃತ್ತಿ. ಮಗನೂ ಅದೇ ದಾರಿಯನ್ನು ಹಿಡಿದನು. ಹದಿನಾರನೆಯ ವಯಸ್ಸಿನಲ್ಲಿ ನ್ಯಾಯಶಾಸ್ತ್ರದ ಪದವಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಅಂದರೆ ೧೭೯೬ರಲ್ಲಿ, ಚರ್ಚಿನ ಕಾನೂನಿನಲ್ಲಿ ಡಾಕ್ಟರೇಟ್ ಪಡೆದನು. ಈಗ ನಮ್ಮ ತರಗತಿಯಲ್ಲಿರುವವರ ವಯಸ್ಸು ಅದೇ. ಕೆಲವು ವರ್ಷ ವಕೀಲಿ ಮಾಡಿದನು. ಸರ್ಕಾರಿ ಕಚೇರಿಯಲ್ಲಿ ಕಾರ್ಯದರ್ಶಿಯೂ ಆಗಿದ್ದನು. ಅನ್ನಕ್ಕೆ ಕೊರತೆಯಿಲ್ಲ, ಮಾನಕ್ಕೆ ಕೊರತೆಯಿಲ್ಲ. ಅಷ್ಟಕ್ಕೇ ತೃಪ್ತನಾಗಿದ್ದರೆ ಇಂದು ಆತನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

೧೮೦೦ರ ಸುಮಾರಿಗೆ ಆತನು ತಾನಾಗಿಯೇ ಗಣಿತವನ್ನೂ ಭೌತಶಾಸ್ತ್ರವನ್ನೂ ಓದತೊಡಗಿದನು. ಅದೇ ಇಟಲಿಯ ವೋಲ್ಟಾ ಎಂಬಾತನು ವಿದ್ಯುತ್ಕೋಶವನ್ನು ಕಂಡುಹಿಡಿದು, ಯೂರೋಪಿನ ವಿದ್ವಾಂಸರೆಲ್ಲ ವಿದ್ಯುತ್ತಿನ ಮಾತನ್ನೇ ಆಡುತ್ತಿದ್ದ ಕಾಲವದು. ಅಮೇಡಿಯೋ ತನ್ನ ಸಹೋದರ ಫೆಲಿಚೆಯೊಡನೆ ಸೇರಿ ೧೮೦೩ರಲ್ಲಿ ವಿದ್ಯುತ್ತನ್ನು ಕುರಿತ ಒಂದು ಪ್ರಬಂಧವನ್ನು ಟ್ಯೂರಿನ್ನಿನ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದನು. ೧೮೦೬ರಲ್ಲಿ ವಕೀಲಿಯನ್ನು ಬಿಟ್ಟು ಅಧ್ಯಾಪನಕ್ಕೆ ಇಳಿದನು. ೧೮೦೯ರಲ್ಲಿ ವೆರ್ಚೆಲ್ಲಿ ಎಂಬ ಊರಿನ ಕಾಲೇಜಿನಲ್ಲಿ ಪ್ರಾಧ್ಯಾಪಕನಾದನು. ವೆರ್ಚೆಲ್ಲಿಯು ಭತ್ತದ ಗದ್ದೆಗಳಿಗೆ ಹೆಸರಾದ ಸಣ್ಣ ಊರು. ಪ್ಯಾರಿಸ್, ಲಂಡನ್ ನಗರಗಳ ವಿದ್ವತ್ಸಭೆಗಳಿಂದ ಅದು ಬಹು ದೂರ. ಆತನ ಹೆಸರನ್ನು ಉಳಿಸಿದ ಆಲೋಚನೆ ಮೂಡಿದ್ದು ಇಂತಹ ಊರಿನಲ್ಲಿ.

ಆ ಆಲೋಚನೆಯನ್ನು ತಿಳಿಯಬೇಕಾದರೆ ಆಗಿನ ಒಂದು ತೊಡಕನ್ನು ತಿಳಿಯಬೇಕು. ಇಂಗ್ಲೆಂಡಿನ ಜಾನ್ ಡಾಲ್ಟನ್ ೧೮೦೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪ್ರತಿಯೊಂದು ಮೂಲವಸ್ತುವೂ ಒಡೆಯಲಾಗದ ಪರಮಾಣುಗಳಿಂದಾಗಿದೆ ಎಂದು ಪ್ರತಿಪಾದಿಸಿದ್ದನು. ಅದೇ ವರ್ಷದ ಕೊನೆಯಲ್ಲಿ ಫ್ರಾನ್ಸಿನ ಗೇ-ಲುಸಾಕ್ ಮತ್ತೊಂದು ಸಂಗತಿಯನ್ನು ಸಾರಿದನು. ಅನಿಲಗಳು ಒಂದರೊಡನೊಂದು ಕೂಡುವಾಗ ಅವುಗಳ ಗಾತ್ರಗಳು ಯಾವಾಗಲೂ ಸರಳವಾದ ಪ್ರಮಾಣದಲ್ಲಿರುತ್ತವೆ. ಎರಡು ಪಾಲು ಜಲಜನಕಕ್ಕೆ ಸರಿಯಾಗಿ ಒಂದು ಪಾಲು ಆಮ್ಲಜನಕ ಸೇರಿ ಎರಡು ಪಾಲು ನೀರಾವಿಯಾಗುತ್ತದೆ. ಮೂರು ಪಾಲು ಜಲಜನಕಕ್ಕೆ ಒಂದು ಪಾಲು ಸಾರಜನಕ ಸೇರಿ ಎರಡು ಪಾಲು ಅಮೋನಿಯ ಆಗುತ್ತದೆ. ಎಲ್ಲವನ್ನೂ ಒಂದೇ ಉಷ್ಣತೆಯಲ್ಲಿ, ಒಂದೇ ಒತ್ತಡದಲ್ಲಿ ಅಳೆಯಬೇಕು, ಅಷ್ಟೆ. ತೂಕದ ಲೆಕ್ಕದಲ್ಲಿ ಎಲ್ಲಿಯೂ ಕಾಣದ ಈ ಸರಳತೆ ಗಾತ್ರದ ಲೆಕ್ಕದಲ್ಲಿ ಎಲ್ಲಿಂದ ಬಂತು?

ಸಮಾನ ಗಾತ್ರದ ಅನಿಲಗಳಲ್ಲಿ ಸಮಾನ ಸಂಖ್ಯೆಯ ಕಣಗಳಿವೆ ಎಂದುಕೊಂಡರೆ ಈ ಸರಳತೆಗೆ ಕಾರಣ ಸಿಗುತ್ತದೆ. ಆದರೆ ಡಾಲ್ಟನ್ ಇದನ್ನು ಒಪ್ಪಲಿಲ್ಲ. ಆತನ ಆಕ್ಷೇಪಣೆ ಸುಮ್ಮನೆ ತಳ್ಳಿಹಾಕುವಂಥದಲ್ಲ. ಒಂದು ಪಾಲು ಆಮ್ಲಜನಕದಿಂದ ಎರಡು ಪಾಲು ನೀರಾವಿ ಹುಟ್ಟುವುದಾದರೆ, ನೀರಾವಿಯ ಕಣಗಳು ಆಮ್ಲಜನಕದ ಕಣಗಳ ಎರಡರಷ್ಟಾಗಬೇಕು. ನೀರಾವಿಯ ಪ್ರತಿಯೊಂದು ಕಣದಲ್ಲಿಯೂ ಆಮ್ಲಜನಕವಿರಲೇಬೇಕು. ಹಾಗಾದರೆ ಆಮ್ಲಜನಕದ ಪ್ರತಿ ಪರಮಾಣುವೂ ಅರ್ಧರ್ಧವಾಗಿ ಒಡೆಯಬೇಕಾಯಿತಲ್ಲ! ಪರಮಾಣು ಒಡೆಯದು ಎಂಬುದೇ ಡಾಲ್ಟನ್ನನ ಸಿದ್ಧಾಂತದ ಬುಡ. ಆದ್ದರಿಂದ ಆತನು ಗೇ-ಲುಸಾಕನ ಅಳತೆಗಳನ್ನೇ ಸಂದೇಹಿಸಿದನು.

ಈ ಗಂಟನ್ನು ಬಿಚ್ಚಿದವನು ವೆರ್ಚೆಲ್ಲಿಯ ಮಾಸ್ತರು. ೧೮೧೧ರಲ್ಲಿ ಪ್ಯಾರಿಸ್ಸಿನ ಒಂದು ಭೌತಶಾಸ್ತ್ರ ಪತ್ರಿಕೆಯಲ್ಲಿ ಆತನ ಲೇಖನ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಮುಖ್ಯವಾಗಿ ಎರಡು ಮಾತುಗಳಿದ್ದವು. ಮೊದಲನೆಯದು, ಒಂದೇ ಉಷ್ಣತೆ ಮತ್ತು ಒಂದೇ ಒತ್ತಡದಲ್ಲಿರುವ ಎಲ್ಲ ಅನಿಲಗಳ ಸಮಾನ ಗಾತ್ರಗಳಲ್ಲಿ ಸಮಾನ ಸಂಖ್ಯೆಯ ಅಣುಗಳಿರುತ್ತವೆ. ಎರಡನೆಯದು, ಆಮ್ಲಜನಕ, ಜಲಜನಕ, ಸಾರಜನಕಗಳಂಥ ಮೂಲವಸ್ತುಗಳ ಅಣುವು ಒಂಟಿ ಪರಮಾಣುವಾಗಿರಬೇಕಾಗಿಲ್ಲ, ಅದು ಜೋಡಿಯಾಗಿರಬಹುದು. ಒಡೆಯುವುದು ಪರಮಾಣುವಲ್ಲ, ಜೋಡಿ. ಜೋಡೆತ್ತುಗಳನ್ನು ನೊಗದಿಂದ ಬಿಡಿಸಿದರೆ ಎತ್ತು ತುಂಡಾಗುವುದಿಲ್ಲವಷ್ಟೆ? ಹಾಗೆಯೇ ಆಮ್ಲಜನಕದ ಒಂದು ಅಣು ಎರಡಾಗಿ ಬೇರ್ಪಟ್ಟು ಎರಡು ನೀರಿನ ಅಣುಗಳಿಗೆ ಒಂದೊಂದು ಪರಮಾಣುವನ್ನು ಹಂಚುತ್ತದೆ. ಡಾಲ್ಟನ್ನನ ಪರಮಾಣುವಿಗೂ ಭಂಗ ಬರಲಿಲ್ಲ, ಗೇ-ಲುಸಾಕನ ಅಳತೆಗೂ ಭಂಗ ಬರಲಿಲ್ಲ.

ಮೊದಲನೆಯ ಮಾತು ನಮ್ಮ ಅನುಭವಕ್ಕೆ ವಿರೋಧವಾಗಿ ಕಾಣುತ್ತದೆ. ನಮ್ಮ ಅಜ್ಜಿ ಸೇರು ಪಾವುಗಳಲ್ಲಿ ಕಾಳನ್ನು ಅಳೆಯುತ್ತಿದ್ದುದನ್ನು ನಾನು ನೋಡಿದ್ದೇನೆ. ಒಂದು ಸೇರು ರಾಗಿಯಲ್ಲಿರುವಷ್ಟು ಕಾಳುಗಳು ಒಂದು ಸೇರು ಅವರೆಯಲ್ಲಿ ಇರುವುದುಂಟೆ? ಕಾಳು ದಪ್ಪವಾದಷ್ಟೂ ಸೇರಿಗೆ ಹಿಡಿಯುವ ಸಂಖ್ಯೆ ಕಡಮೆ. ಆದರೆ ಅನಿಲದ ಅಣುಗಳು ಸೇರಿನೊಳಗಿನ ಕಾಳುಗಳಂತೆ ಒಂದಕ್ಕೊಂದು ಒತ್ತಿಕೊಂಡಿಲ್ಲ. ನೀರಿಲ್ಲದ ಕೆರೆಯಂಗಳದಲ್ಲಿ ದೂರ ದೂರ ನಿಂತು ಮೇಯುವ ದನಗಳನ್ನು ನೆನೆಯಿರಿ. ಹತ್ತು ಎಮ್ಮೆಗಳಿರಲಿ, ಹತ್ತು ಕುರಿಗಳಿರಲಿ, ಅಂಗಳ ಅಷ್ಟೇ ಸಾಕು. ನಡುವಿನ ಬಯಲೇ ಹೆಚ್ಚು, ಪ್ರಾಣಿಯ ಗಾತ್ರ ಲೆಕ್ಕಕ್ಕೇ ಬರುವುದಿಲ್ಲ. ಅನಿಲದಲ್ಲಿಯೂ ಹಾಗೆಯೇ. ಆದ್ದರಿಂದ ಅನಿಲವನ್ನು ಸೇರಿನಲ್ಲಿ ಅಳೆದರೆ ಅದರ ಅಣುಗಳನ್ನು ಎಣಿಸಿದಂತೆಯೇ. ಕಣ್ಣಿಗೆ ಕಾಣದ ಅಣುಗಳನ್ನು ಎಣಿಸಲು ಅವೋಗಾಡ್ರೋ ಕೊಟ್ಟ ಉಪಾಯವಿದು. ಇದು ಅನಿಲಗಳಿಗೆ ಮಾತ್ರ ಸಲ್ಲುವ ಮಾತು. ನೀರು, ಕಲ್ಲು, ಉಪ್ಪುಗಳಿಗೆ ಸಲ್ಲದು.

ಈಗ ನನ್ನ ಹಳೆಯ ಲೆಕ್ಕಕ್ಕೆ ಬರೋಣ. ಎರಡು ಅಣು ಜಲಜನಕಕ್ಕೆ ಒಂದು ಅಣು ಆಮ್ಲಜನಕ ಬೇಕು. ಅಣುಗಳ ಪ್ರಮಾಣವೇ ಗಾತ್ರದ ಪ್ರಮಾಣವಾದ್ದರಿಂದ ೨೦ ಮಿಲಿಲೀಟರ್ ಜಲಜನಕಕ್ಕೆ ೧೦ ಮಿಲಿಲೀಟರ್ ಆಮ್ಲಜನಕ ಸಾಕು. ಜಲಜನಕವೆಲ್ಲ ಮುಗಿಯಿತು. ಉಳಿದದ್ದು ೧೦ ಮಿಲಿಲೀಟರ್ ಆಮ್ಲಜನಕ. ಹುಟ್ಟಿದ ನೀರಾವಿ ತಣ್ಣಗಾಗಿ ಹನಿಯಾಗಿ ನಳಿಗೆಯ ಗೋಡೆಗೆ ಅಂಟಿರುತ್ತದೆ. ಅದರ ಗಾತ್ರವನ್ನು ಎಣಿಸಬೇಕಾದ್ದಿಲ್ಲ. ನಳಿಗೆಯನ್ನು ನೂರು ಡಿಗ್ರಿಗೂ ಮೇಲೆ ಬಿಸಿಯಾಗಿಟ್ಟು ಎಲ್ಲವನ್ನೂ ಆ ಉಷ್ಣತೆಯಲ್ಲಿಯೇ ಅಳೆದಿದ್ದರೆ ೨೦ ಮಿಲಿಲೀಟರ್ ಆವಿಯೂ ಜೊತೆಗಿದ್ದು ಒಟ್ಟು ೩೦ ಆಗುತ್ತಿತ್ತು. ತೂಕದ ಮಾತೇ ಇಲ್ಲ. ಎರಡು ಸಾಲಿನ ಲೆಕ್ಕಕ್ಕೆ ನಾನು ಒಂದು ಪುಟವನ್ನು ವ್ಯರ್ಥಮಾಡಿದ್ದೆ.

ಇಷ್ಟು ಸರಳವಾದ ಮಾತನ್ನು ಜಗತ್ತು ಕೂಡಲೇ ಒಪ್ಪಿತೆಂದು ವಾಚಕರು ಭಾವಿಸಬಹುದು. ಹಾಗಾಗಲಿಲ್ಲ. ಅದನ್ನು ಯಾರೂ ಗಟ್ಟಿಯಾಗಿ ಖಂಡಿಸಲೂ ಇಲ್ಲ, ಬಹುಮಟ್ಟಿಗೆ ಕಡೆಗಣಿಸಿದರು. ೧೮೧೪ರಲ್ಲಿ ಫ್ರಾನ್ಸಿನ ಆಂಪೇರ್ ತಾನೇ ಸ್ವತಂತ್ರವಾಗಿ ಇಂತಹುದೇ ಆಲೋಚನೆಯನ್ನು ಪ್ರಕಟಿಸಿದನು. ಅದಕ್ಕೂ ಮನ್ನಣೆ ದೊರೆಯಲಿಲ್ಲ. ಇದಕ್ಕೆ ಕಾರಣಗಳು ಹಲವು. ಆ ಕಾಲದ ರಸಾಯನಶಾಸ್ತ್ರಕ್ಕೆ ಗುರುಸ್ಥಾನದಲ್ಲಿದ್ದವನು ಸ್ವೀಡನ್ನಿನ ಬರ್ಜೀಲಿಯಸ್. ಪರಮಾಣುಗಳು ಕೂಡುವುದು ಧನ ಮತ್ತು ಋಣ ವಿದ್ಯುತ್ತಿನ ಆಕರ್ಷಣೆಯಿಂದ ಎಂಬುದು ಆತನ ಮತ. ಒಂದೇ ಜಾತಿಯ ಎರಡು ಪರಮಾಣುಗಳು ಪರಸ್ಪರ ವಿಕರ್ಷಿಸಬೇಕೇ ಹೊರತು ಜೋಡಿಯಾಗುವುದು ಹೇಗೆ ಎಂದು ಆ ಮತದವರಿಗೆ ತೋರಿತು. ಅವೋಗಾಡ್ರೋ ಪ್ರಯೋಗಶಾಲೆಯಲ್ಲಿ ಹೆಸರು ಮಾಡಿದವನಲ್ಲ; ಇತರರ ಪ್ರಯೋಗಗಳನ್ನು ಓದಿ ತರ್ಕದಿಂದ ಅರ್ಥವನ್ನು ತೆಗೆದವನು. ಊರು ದೂರ, ಸ್ವಭಾವ ಮೃದು, ಬರವಣಿಗೆ ಕ್ಲಿಷ್ಟ. ತನ್ನ ಪರವಾಗಿ ಡಂಗುರ ಸಾರುವವರು ಆತನಿಗೆ ಯಾರೂ ಇರಲಿಲ್ಲ.

ಆದರೂ ಆತನ ಜೀವನ ನಿಲ್ಲಲಿಲ್ಲ. ಫೆಲಿಚಿತಾ ಮಾತ್ಸೆ ಎಂಬವಳನ್ನು ಮದುವೆಯಾಗಿದ್ದನು, ಮಕ್ಕಳು ಹಲವರು. ೧೮೨೦ರಲ್ಲಿ ಟ್ಯೂರಿನ್ ವಿಶ್ವವಿದ್ಯಾನಿಲಯದಲ್ಲಿ ಗಣಿತೀಯ ಭೌತಶಾಸ್ತ್ರಕ್ಕೆ ಹೊಸದಾಗಿ ಏರ್ಪಟ್ಟ ಪೀಠದ ಮೊದಲ ಪ್ರಾಧ್ಯಾಪಕನಾದನು. ಹುಟ್ಟಿದೂರಿಗೆ ಗೌರವದಿಂದ ಮರಳಿದ್ದಾಯಿತು. ಆದರೆ ೧೮೨೧ರಲ್ಲಿ ಪೀಡ್‌ಮಾಂಟಿನಲ್ಲಿ ಸಂವಿಧಾನಕ್ಕಾಗಿ ಬಂಡಾಯವೆದ್ದು, ಅದನ್ನು ಅಡಗಿಸಿದ ಮೇಲೆ ಸರ್ಕಾರದ ಕಣ್ಣು ವಿಶ್ವವಿದ್ಯಾನಿಲಯದ ಮೇಲೆ ಬಿತ್ತು. ೧೮೨೨ರಲ್ಲಿ ಆ ಪೀಠವನ್ನೇ ರದ್ದುಮಾಡಿದರು. ನಲವತ್ತಾರನೆಯ ವಯಸ್ಸಿನಲ್ಲಿ ಅವೋಗಾಡ್ರೋ ಕೆಲಸ ಕಳೆದುಕೊಂಡನು. ಸಣ್ಣದೊಂದು ವಿಶ್ರಾಂತಿವೇತನವನ್ನು ಗೊತ್ತುಮಾಡಿದರು. ಬಹಳ ಹಿಂದೆ ಬಿಟ್ಟಿದ್ದ ಕಾನೂನಿನ ಕೆಲಸಕ್ಕೆ ಆತನು ಮತ್ತೆ ಹೋಗಬೇಕಾಯಿತು. ರಾಜ್ಯದ ಲೆಕ್ಕಪತ್ರಗಳ ನ್ಯಾಯಾಲಯದಲ್ಲಿ ಅಧಿಕಾರಿಯಾದನು.

ಇಂತಹ ಪೆಟ್ಟು ಬಿದ್ದಾಗ ಅನೇಕರು ಕೈಚೆಲ್ಲಿ ಕೂಡುತ್ತಾರೆ. ಈತನು ಬಿಡುವಿನ ವೇಳೆಯಲ್ಲಿ ಓದುವುದನ್ನೂ ಬರೆಯುವುದನ್ನೂ ಬಿಡಲಿಲ್ಲ. ೧೮೩೨ರಲ್ಲಿ ಪೀಠ ಪುನಃ ಸ್ಥಾಪಿತವಾದಾಗಲೂ ಅದು ಮೊದಲು ದೊರೆತದ್ದು ಆತನಿಗಲ್ಲ, ಫ್ರಾನ್ಸಿನಿಂದ ಬಂದಿದ್ದ ಪ್ರಸಿದ್ಧ ಗಣಿತಜ್ಞ ಕೋಶಿಗೆ. ಕೋಶಿ ಅಲ್ಲಿಂದ ಹೊರಟುಹೋದ ಮೇಲೆ ೧೮೩೪ರಲ್ಲಿ ಅವೋಗಾಡ್ರೋ ತನ್ನ ಸ್ಥಾನಕ್ಕೆ ಹಿಂದಿರುಗಿದನು. ಆಗ ಆತನಿಗೆ ಐವತ್ತೆಂಟರ ಹತ್ತಿರ. ೧೮೩೭ರಿಂದ ೧೮೪೧ರವರೆಗೆ ವಸ್ತುಗಳ ಭೌತಗುಣಗಳನ್ನು ಕುರಿತು ನಾಲ್ಕು ದೊಡ್ಡ ಸಂಪುಟಗಳನ್ನು ಪ್ರಕಟಿಸಿದನು. ೧೮೫೦ರಲ್ಲಿ ನಿವೃತ್ತನಾಗಿ, ೧೮೫೬ನೆಯ ಇಸವಿ ಜುಲೈ ೯ರಂದು, ಎಂಬತ್ತು ತುಂಬಲು ಒಂದು ತಿಂಗಳಿರುವಾಗ, ಹುಟ್ಟಿದ ಊರಿನಲ್ಲಿಯೇ ತೀರಿಕೊಂಡನು. ತನ್ನ ಮುಖ್ಯವಾದ ಮಾತನ್ನು ಲೋಕ ಒಪ್ಪಿದ್ದನ್ನು ಆತನು ಕಾಣಲಿಲ್ಲ.

ಆ ಮಾತನ್ನು ಬಿಟ್ಟಿದ್ದರಿಂದ ಲೋಕಕ್ಕಾದ ನಷ್ಟವನ್ನು ಸ್ವಲ್ಪ ನೋಡಬೇಕು. ಅಣುವಿಗೂ ಪರಮಾಣುವಿಗೂ ಭೇದವಿಲ್ಲದೆ ರಸಾಯನಶಾಸ್ತ್ರಜ್ಞರು ಗೊಂದಲಕ್ಕೆ ಬಿದ್ದಿದ್ದರು. ನೀರಿನ ರಚನೆಯನ್ನು ಒಬ್ಬರು ಒಂದು ಬಗೆಯಾಗಿ ಬರೆದರೆ ಇನ್ನೊಬ್ಬರು ಇನ್ನೊಂದು ಬಗೆಯಾಗಿ ಬರೆಯುತ್ತಿದ್ದರು. ಜರ್ಮನಿಯ ಕೆಕುಲೆ ೧೮೬೧ರ ತನ್ನ ಪಠ್ಯಪುಸ್ತಕದಲ್ಲಿ, ವಿನಿಗರಿನಲ್ಲಿರುವ ಅಸಿಟಿಕ್ ಆಮ್ಲ ಒಂದಕ್ಕೇ ಬಳಕೆಯಲ್ಲಿದ್ದ ೧೯ ಬಗೆಯ ಸೂತ್ರಗಳನ್ನು ಪಟ್ಟಿಮಾಡಿದನು. ಒಂದೇ ಸಂತೆಯಲ್ಲಿ ಹತ್ತೊಂಬತ್ತು ಬಗೆಯ ಸೇರುಗಳಿದ್ದರೆ ವ್ಯಾಪಾರ ನಡೆದೀತೆ? ಈ ಗೊಂದಲವನ್ನು ಪರಿಹರಿಸಲು ೧೮೬೦ರ ಸೆಪ್ಟೆಂಬರ್ ೩ರಿಂದ ೫ರವರೆಗೆ ಜರ್ಮನಿಯ ಕಾರ್ಲ್ಸ್‌ರೂಹೆ ನಗರದಲ್ಲಿ ನೂರಕ್ಕೂ ಹೆಚ್ಚು ರಸಾಯನಶಾಸ್ತ್ರಜ್ಞರು ಸಭೆ ಸೇರಿದರು.

ಆ ಸಭೆಗೆ ಬಂದವರಲ್ಲಿ ಇಟಲಿಯ ಸ್ಟಾನಿಸ್ಲಾವೋ ಕಾನಿಜ಼ಾರೋ ಒಬ್ಬನು. ಇತಿಹಾಸದ ವಿದ್ಯಾರ್ಥಿಗಳಿಗೆ ಈತನಲ್ಲಿ ಆಸಕ್ತಿ ಹುಟ್ಟುವುದು ಸಹಜ. ಸಿಸಿಲಿಯಲ್ಲಿ ಹುಟ್ಟಿದ ಈತನು ೧೮೪೮ರ ಕ್ರಾಂತಿಯಲ್ಲಿ ಭಾಗವಹಿಸಿ, ಕ್ರಾಂತಿ ಸೋತ ಮೇಲೆ ದೇಶ ಬಿಟ್ಟು ಪ್ಯಾರಿಸ್ಸಿಗೆ ಹೋಗಿ, ಬಳಿಕ ಪೀಡ್‌ಮಾಂಟಿಗೆ ಬಂದು ಅಧ್ಯಾಪಕನಾದವನು. ಜಿನೋವಾದಲ್ಲಿ ತನ್ನ ವಿದ್ಯಾರ್ಥಿಗಳಿಗೆ ಪಾಠ ಹೇಳುವಾಗ ಅವೋಗಾಡ್ರೋವಿನ ತತ್ತ್ವವನ್ನೇ ತಳಹದಿಯಾಗಿಟ್ಟುಕೊಂಡರೆ ಪರಮಾಣುಗಳ ತೂಕಗಳೆಲ್ಲ ಒಂದಕ್ಕೊಂದು ಹೊಂದುವುದನ್ನು ಕಂಡಿದ್ದನು. ೧೮೫೮ರಲ್ಲಿ ಅದನ್ನು ಒಂದು ಪ್ರಬಂಧವಾಗಿ ಪ್ರಕಟಿಸಿದ್ದನು. ಸಭೆಯಲ್ಲಿ ವಾದಿಸಿದನು. ಸಭೆಯ ಕೊನೆಗೆ ಆತನ ಮಿತ್ರ ಪಾವೇಸಿ ಆ ಪ್ರಬಂಧದ ಪ್ರತಿಗಳನ್ನು ಬಂದವರಿಗೆ ಹಂಚಿದನು. ಅದನ್ನು ಓದಿದ ಜರ್ಮನಿಯ ಲೋಥರ್ ಮೇಯರನ ಸಂದೇಹಗಳು ಕರಗಿದವು. ಆ ಸಭೆಯಲ್ಲಿದ್ದ ರಷ್ಯದ ಯುವಕ ಮೆಂಡಲೀಫ್ ಸರಿಯಾದ ಪರಮಾಣು ತೂಕಗಳ ಬೆಲೆಯನ್ನು ಅಲ್ಲಿ ಅರಿತನು. ಮುಂದೆ ೧೮೬೯ರಲ್ಲಿ ಆತನು ರಚಿಸಿದ ಆವರ್ತ ಕೋಷ್ಟಕಕ್ಕೆ ಆ ತೂಕಗಳೇ ಆಧಾರವಾದವು. ೧೮೧೧ರಲ್ಲಿ ಬರೆದದ್ದು ಬೆಳಕಿಗೆ ಬರಲು ಅರ್ಧ ಶತಮಾನ ಬೇಕಾಯಿತು. ಅದನ್ನು ಬೆಳಕಿಗೆ ತಂದದ್ದು ಒಬ್ಬ ಅಧ್ಯಾಪಕನು ತನ್ನ ವಿದ್ಯಾರ್ಥಿಗಳಿಗೆ ತಿಳಿಯುವಂತೆ ಹೇಳಬೇಕೆಂದು ಪಟ್ಟ ಶ್ರಮ.

ಮುಂದೆ ಈ ಲೆಕ್ಕಕ್ಕೆ ಒಂದು ಅಳತೆಗೋಲೂ ಬಂದಿತು. ಹಣ್ಣುಗಳನ್ನು ಡಜನ್ನಿನಲ್ಲಿ ಎಣಿಸುವಂತೆ ಅಣುಗಳನ್ನು ಮೋಲ್‌ಗಳಲ್ಲಿ ಎಣಿಸುತ್ತಾರೆ. ಒಂದು ಡಜನ್ನಿಗೆ ಹನ್ನೆರಡು. ಒಂದು ಮೋಲ್‌ಗೆ ಸುಮಾರು ೬೦೨ರ ಮುಂದೆ ಇಪ್ಪತ್ತೊಂದು ಸೊನ್ನೆಗಳು. ಸೊನ್ನೆ ಡಿಗ್ರಿ ಉಷ್ಣತೆಯಲ್ಲಿ, ಒಂದು ವಾಯುಮಂಡಲದ ಒತ್ತಡದಲ್ಲಿ, ಯಾವ ಅನಿಲದ ಒಂದು ಮೋಲ್ ಆದರೂ ಸುಮಾರು ೨೨.೪ ಲೀಟರ್ ಸ್ಥಳವನ್ನು ಹಿಡಿಯುತ್ತದೆ. ಈ ಮಹಾಸಂಖ್ಯೆಯನ್ನು ಅವೋಗಾಡ್ರೋ ಕಂಡುಹಿಡಿದನೆಂದು ನಾನು ತಪ್ಪಾಗಿ ತಿಳಿದಿದ್ದೆ. ಆತನಿಗೆ ಆ ಸಂಖ್ಯೆ ಗೊತ್ತೇ ಇರಲಿಲ್ಲ. ಸಂಖ್ಯೆ ಎಷ್ಟೆಂದು ತಿಳಿಯದೆಯೇ ಅದು ಸಮಾನವೆಂದು ಆತನು ಕಂಡನು. ೧೮೬೫ರಲ್ಲಿ ವಿಯನ್ನಾದ ಲೋಷ್ಮಿಟ್ ಅಣುಗಳ ಗಾತ್ರವನ್ನು ಮೊದಲು ಅಂದಾಜು ಮಾಡಿದನು. ೧೯೦೯ರಲ್ಲಿ ಫ್ರಾನ್ಸಿನ ಪೆರಾನ್ ಆ ಸಂಖ್ಯೆಯನ್ನು ಪ್ರಯೋಗಗಳಿಂದ ನಿರ್ಧರಿಸಿ, ಅದಕ್ಕೆ ಅವೋಗಾಡ್ರೋವಿನ ಹೆಸರಿಡಬೇಕೆಂದು ಸೂಚಿಸಿದನು. ೨೦೧೯ರ ಮೇ ೨೦ರಿಂದ ಮೋಲ್ ಎಂಬ ಮಾನಕ್ಕೆ ಆ ಸಂಖ್ಯೆಯೇ ವ್ಯಾಖ್ಯೆಯಾಗಿದೆ.

ಇದೆಲ್ಲ ದೂರದ ದೇಶದ ಮಾತಾಯಿತು, ನಮಗೇನು ಎನ್ನುವವರಿಗೆ ಎರಡು ನಿದರ್ಶನಗಳನ್ನು ಕೊಡುತ್ತೇನೆ. ನಮ್ಮ ತಾಲ್ಲೂಕಿನ ರೈತರು ಟೊಮೊಟೊ ತೋಟಕ್ಕೆ ಚೆಲ್ಲುವ ಯೂರಿಯಾ ತಯಾರಾಗುವುದು ಅಮೋನಿಯದಿಂದ. ಒಂದು ಪಾಲು ಸಾರಜನಕಕ್ಕೆ ಮೂರು ಪಾಲು ಜಲಜನಕ ಎಂಬ ಆ ಹಳೆಯ ಪ್ರಮಾಣದಲ್ಲಿಯೇ ಅನಿಲಗಳನ್ನು ಕೂಡಿಸಬೇಕು. ಹಿಂದಿನ ಮೈಸೂರು ಸಂಸ್ಥಾನದ ಕಾಲದಲ್ಲಿಯೇ ಬೆಳಗೊಳದಲ್ಲಿ ಅಮೋನಿಯ ತಯಾರಿಸುವ ಕಾರ್ಖಾನೆ ಸ್ಥಾಪಿತವಾಗಿತ್ತು. ಮಂಗಳೂರಿನ ಪಣಂಬೂರಿನ ಗೊಬ್ಬರದ ಕಾರ್ಖಾನೆ ೧೯೭೬ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ನಾಲ್ಕು ಪಾಲು ಒಳಗೆ ಹೋಗಿ ಎರಡು ಪಾಲಾಗಿ ಹೊರಬರುವ ಲೆಕ್ಕ ಪ್ಯಾರಿಸ್ಸಿಗೂ ಪಣಂಬೂರಿಗೂ ಒಂದೇ.

ಎರಡನೆಯದು ಅಡುಗೆಮನೆಯದು. ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಅನಿಲಗಳ ಮಿಶ್ರಣ. ಒಂದು ಲೀಟರ್ ಪ್ರೊಪೇನ್ ಪೂರ್ತಿಯಾಗಿ ಉರಿಯಲು ಐದು ಲೀಟರ್ ಆಮ್ಲಜನಕ ಬೇಕು. ಗಾಳಿಯಲ್ಲಿ ಆಮ್ಲಜನಕವಿರುವುದು ಸುಮಾರು ಐದರಲ್ಲೊಂದು ಪಾಲು. ಆದ್ದರಿಂದ ಬೇಕಾಗುವ ಗಾಳಿ ಸುಮಾರು ೨೪ ಲೀಟರ್. ಬ್ಯೂಟೇನಿಗೆ ಇನ್ನೂ ಹೆಚ್ಚು, ಸುಮಾರು ೩೧ ಲೀಟರ್. ಅಷ್ಟು ಗಾಳಿ ಸಿಗದಿದ್ದರೆ ಪಾತ್ರೆಗೆ ಮಸಿ ಹಿಡಿಯುತ್ತದೆ. ಜೊತೆಗೆ ವಾಸನೆಯಿಲ್ಲದ ವಿಷಾನಿಲವಾದ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಚಳಿಗಾಲದಲ್ಲಿ ನಮ್ಮ ತಾಯಿ ಅಡುಗೆಮನೆಯ ಕಿಟಕಿಯನ್ನು ಮುಚ್ಚಿಕೊಂಡು ಮುದ್ದೆ ತೊಳಸುತ್ತಿದ್ದರು. ಈ ಲೆಕ್ಕವನ್ನು ಸೇರಿನಲ್ಲಿ ಹೇಳಿದ ಮೇಲೆ, ಒಂದು ಸೇರು ಗ್ಯಾಸಿಗೆ ಇಪ್ಪತ್ತನಾಲ್ಕು ಸೇರು ಗಾಳಿ ಬೇಕೆಂದು ಕೇಳಿ, ಈಗ ತೆರೆದಿಡುತ್ತಾರೆ. ನಪಾಸಾದ ಪಾಠವೊಂದು ಮನೆಗೆ ಉಪಯೋಗವಾದದ್ದು ನನಗೆ ಸಮಾಧಾನ.

ಅವೋಗಾಡ್ರೋ ದೊಡ್ಡ ಮನೆತನದವನು. ಓದಿಗೆ ಆತನಿಗೆ ಮನೆಯ ಬಲವಿತ್ತು. ನಮ್ಮಲ್ಲಿ ಬಹುಮಂದಿಗೆ ಅದಿಲ್ಲ. ಆದರೂ ಆತನಿಂದ ನಾವು ಕಲಿಯಬೇಕಾದದ್ದಿದೆ. ಓದಿದ ವಿಷಯ ಒಂದಾದರೂ ಇನ್ನೊಂದನ್ನು ತಿಳಿಯುವ ಬಾಗಿಲು ಮುಚ್ಚುವುದಿಲ್ಲ. ಸರಿಯೆಂದು ಕಂಡದ್ದನ್ನು ಬರೆದಿಡಬೇಕು. ಒಪ್ಪುವವರು ಇಂದೇ ಬರಬೇಕೆಂಬ ಹಟ ಬೇಡ. ತಿಳಿದವರು ತಿಳಿಯದವರಿಗೆ ಬಿಡಿಸಿ ಹೇಳದಿದ್ದರೆ ಎಂಥ ಸತ್ಯವೂ ಐವತ್ತು ವರ್ಷ ಮೂಲೆಯಲ್ಲಿ ಬಿದ್ದಿರುತ್ತದೆ.

ನನ್ನ ತಂಗಿ ಈ ವರ್ಷ ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಓದುತ್ತಿದ್ದಾಳೆ. ಮೊನ್ನೆ ಅವಳೂ ಅದೇ ಲೆಕ್ಕವನ್ನು ಹಿಡಿದುಕೊಂಡು ಬಂದಳು. ನಮ್ಮ ಮನೆಯಲ್ಲಿ ಈಗ ಕೇಳುವುದಕ್ಕೆ ಒಬ್ಬರಿದ್ದೇವೆ.